ನಿಲ್ಲು ಅಂದರೆ ನಿಲ್ಲುವ ಮೋಟಾರು

ಫೆಬ್ರವರಿ 9, ಬೆಳಿಗ್ಗೆ

ಇವತ್ತೂ ಅರದ ಸದ್ದಿಗೇ ಎಚ್ಚರ. ಹಿತ್ತಲ ಶೆಡ್ಡಿನಲ್ಲಿ ಕರ್‍... ಕರ್‍... ಹೋಗಿ ನೋಡಿದರೆ ನಮ್ಮ ಯಜಮಾನರು ಕತ್ತಲೆಯಲ್ಲೇ ಕೂತು ಉಜ್ಜುತ್ತಿದ್ದಾರೆ. ದೀಪ ಹಾಕಿದೆ. "ಬಲ್ಬು ಮಂಕಾಗಿದೆ ಅಲ್ವಾ?" ಅಂದರು. ಹೂಂ, ಮಂಕಾಗಿದೆ, ಬದಲಾಯಿಸ್ಬೇಕು ಅಂದೆ. ಹೋದ ವಾರವಷ್ಟೇ ಹೊಸದು ಹಾಕಿದ್ದು. ಕಣ್ಣು ಕುಕ್ಕುತ್ತದೆ.

ಕಬ್ಬಿಣ, ಹಿತ್ತಾಳೆ ಕಡೆಯುವ ಲೇತೊಂದನ್ನು ತಾವೇ ಕಟ್ಟುತ್ತಿದ್ದಾರೆ, ಅದರ ಡಯಲ್ಲಿಗೆ ಗೀಟು ಕೊರೆಯುತ್ತಿದ್ದಾರೆ. ಆ ಡಯಲ್ ತಿರುಗಿಸಿದರೆ ಟೂಲು, ಅಂದರೆ ಕೊರೆಯುವ ಉಳಿ, ಮುಂದೆ ಸರಿಯುತ್ತದೆ. ಒಂದು ಗೀಟಿಗೆ ಒಂದು ಕೂದಲೆಳೆಯಷ್ಟು. ಕಣ್ಣಿಗಲ್ಲ, ಉಗುರಿಗೆ ಸಿಗಬೇಕು ಎಂದು ಆಳವಾಗಿ ಕೊರೆದಿದ್ದಾರೆ. ನನ್ನ ಬೆರಳು ಹಿಡಿದು ಸವರಿಸಿದರು. ಟಕ್, ಟಕ್, ಟಕ್. ಮಗುವಿನ ಆಟದ ಸಾಮಾನಿನ ಹಾಗಿದೆ ಅಂದೆ. ಸಿಟ್ಟು ಬಂತು. ಕಾಫಿ ಕೊಟ್ಟ ಮೇಲೆ ಇಳಿಯಿತು.

ಈ ಪುಸ್ತಕ ತಂದದ್ದು ಲೇತಿನ ಅಳತೆ ಬರೆದಿಡಲು. ಮುಂದಿನಿಂದ ಅಳತೆ, ಹಿಂದಿನಿಂದ ನನ್ನದು. ಇವರ ಕಣ್ಣು ನೆಟ್ಟಗಿದ್ದ ಕಾಲದಲ್ಲಿ ದಿನಚರಿ ಬರೆಯುವ ಧೈರ್ಯ ನನಗಿರಲಿಲ್ಲ.

ಫೆಬ್ರವರಿ 17

ನನ್ನ ಹೊಲಿಗೆ ಮಿಷಿನ್ನಿನ ದೊಡ್ಡ ಗಾಲಿ ಹೋಯಿತು. ಕೇಳಿದ್ದು ನಿಜ, ಆದರೆ ಕೇಳುವಾಗ ಅರ್ಧ ಬಿಚ್ಚಿಯಾಗಿತ್ತು. "ನೀನೆಲ್ಲಿ ಈಗ ಹೊಲೀತೀಯ?" ಅಂತೆ. ಗಾಲಿಗೆ ಮರದ ಹಿಡಿಕೆ ಸಿಕ್ಕಿಸಿ, ಬೆಲ್ಟು ಎಳೆದು, ಲೇತಿನ ತಲೆಗೆ ಜೋಡಿಸಿದರು. ನಾನು ಹಿಡಿಕೆ ತಿರುಗಿಸಬೇಕು, ಇವರು ಟೂಲು ನಡೆಸಬೇಕು.

ಮಗಳು ಫೋನಿನಲ್ಲಿ, "ಅಮ್ಮಾ, ಒಂದು ಮೋಟಾರು ಹಾಕ್ಸಿದ್ರೆ ಆಗ್ತಿರ್ಲಿಲ್ವಾ?" ಅಂದಳು. ಹಾಗೇ ಕೇಳಿದೆ ಇವರನ್ನು.

"ಮೋಟಾರಿಗೆ ಕಬ್ಬಿಣ ಯಾವ್ದು ಬೆರಳು ಯಾವ್ದು ಗೊತ್ತಾಗಲ್ಲ. ನಿಲ್ಲು ಅಂದ್ರೆ ನಿಲ್ಲಲ್ಲ. ನೀನು ನಿಲ್ತೀಯ."

"ನಿಮ್ಮ ಮಾತು ನಾನು ಯಾವತ್ತು ಕೇಳಿದೀನಿ?"

"ಅದಕ್ಕೇ, ಈಗಿಂದ ಅಭ್ಯಾಸ ಮಾಡ್ಕೊ."

ನಕ್ಕೆವು ಇಬ್ಬರೂ. ಆಮೇಲೆ ಪಾತ್ರೆ ತೊಳೆಯುವಾಗ ಅಳು ಬಂತು. ಕಣ್ಣಿನ ಡಾಕ್ಟರು ನೇರವಾಗಿಯೇ ಹೇಳಿದ್ದಾರೆ. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಎರಡೂ ಕಡೆ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ಇರುವುದಿಲ್ಲ.  ಆವತ್ತು ಬಸ್ಸಿಳಿಯುವಾಗ ಇವರು, "ಕಣ್ಣು ಹೋದ್ರೆ ಹೋಗ್ಲಿ, ಕೈ ಇದೆಯಲ್ಲ" ಅಂದರು. ಮಾರನೆಯ ದಿನವೇ ಶೆಡ್ಡು ಗುಡಿಸಿದರು. ಜೀವಮಾನವೆಲ್ಲ ಫ್ಯಾಕ್ಟರಿಯಲ್ಲಿ ಲೇತು ನಡೆಸುವ ಟರ್ನರ್ ಆಗಿ ದುಡಿದವರು. ಈ ಲೇತು ನಡೆದರೆ ಇವರೂ ನಡೆದಂತೆ. ನಡೆಯದಿದ್ದರೆ... ಬೇಡ.

ಮಾರ್ಚ್ 2, ಸಂಜೆ

ತಿರುಗಿತು! ಮೊದಲ ಸಲ. ಬೆಲ್ಟು ಎರಡು ಸಲ ಜಾರಿತು, ಒಂದು ಸಲ ನನ್ನ ಸೆರಗಿಗೆ ಗ್ರೀಸು ಮೆತ್ತಿತು. ಆದರೆ ತಿರುಗಿತು. ಇವರು ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಹತ್ತಿರ ಕಿವಿ ತಂದುಕೊಂಡು ಕೂತರು. ಮೈಯೆಲ್ಲ ಕಿವಿ.

ತೊಂದರೆ ಒಂದೇ. ಲೇತಿನ ತಲೆಯೊಳಗೆ ತಿರುಗುವ ಉಕ್ಕಿನ ಸಲಾಕೆಗೆ ಸ್ಪಿಂಡಲ್ ಅನ್ನುತ್ತಾರೆ. ಅದು ಕೂರುವ ಉಂಗುರ ಬುಷ್ಷು. ಸದ್ಯಕ್ಕೆ ಗಟ್ಟಿ ಮರದ್ದು ಹಾಕಿದ್ದಾರೆ. ಬೇಗ ಸವೆಯುತ್ತದೆ. ಹಿತ್ತಾಳೆಯದ್ದು ಮಾಡಬೇಕು. ಅದನ್ನು ಮಾಡಬೇಕಾದ್ದೂ ಇದೇ ಲೇತಿನ ಮೇಲೆ. "ಲೇತು ತನ್ನನ್ನ ತಾನೇ ಹಡೆಯುತ್ತೆ ಕಣೇ" ಅಂದರು. ಹಾಗಾದರೆ ನಾನು ಸೂಲಗಿತ್ತಿ ಅಂದೆ. "ಬಾಯಿ ಬಡುಕಿ ಸೂಲಗಿತ್ತಿ" ಅಂದರು.

ಹಿತ್ತಾಳೆ ಎರಡು ತುಂಡು ಇದೆ.

ಮಾರ್ಚ್ 11

ದಪ್ಪ, ತೂತು ಅಳೆಯುವ ವರ್ನಿಯರ್ ಪಾಠ. ಅದರ ಸಣ್ಣ ಗೀಟುಗಳು ಇವರಿಗೆ ಕಾಣುತ್ತಿಲ್ಲ. ಭೂತಗನ್ನಡಿ ಹಿಡಿದರೂ ಇಲ್ಲ. ಇನ್ನು ಮುಂದೆ ಅಳತೆ ಓದುವವಳು ನಾನು.

ಎರಡು ಪಟ್ಟಿ. ಒಂದು ನಿಂತದ್ದು, ಒಂದು ಜರುಗುವುದು. "ಜರುಗೋ ಪಟ್ಟಿ ಎಲ್ಲಿ ನಿಂತಿದೆ ನೋಡ್ಕೋ. ಆಮೇಲೆ ಅದರ ಮೇಲೆ..." ಹೇಳುತ್ತಲೇ ಇದ್ದರು. ಬೆರಳು ವರ್ನಿಯರ್ ಮೇಲೆ, ಮುಖ ಗೋಡೆಯ ಕಡೆ. ಅಲ್ಲಿ ಮೊಳೆಗೆ ಹಳೆಯ ಚೀಲ ನೇತುಹಾಕಿದೆ. ಆ ಚೀಲವನ್ನು ನಾನೆಂದುಕೊಂಡು ಪಾಠ ಹೇಳುತ್ತಿದ್ದರು. ನಡುನಡುವೆ ಅದಕ್ಕೆ ನಗು ಬೇರೆ.

ಆಮೇಲೆ ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ. ಮೆಲ್ಲಗೆ ಹೋಗಿ ಚೀಲದ ಮುಂದೆ ನಿಂತುಕೊಂಡೆ.

"ಗೊತ್ತಾಯ್ತೇನೇ?"

"ಗೊತ್ತಾಯ್ತು ರೀ."

ಮಾರ್ಚ್ 14, ಸಂಜೆ

ತೋಳು ಬಿದ್ದು ಹೋಗಿದೆ. ಆದರೂ ಬರೆಯಲೇಬೇಕು. ಮೊದಲ ಬುಷ್ಷು ಆಯಿತು!

ಬೆಳಿಗ್ಗೆ ಹೊರಮೈ. ನಾನು ಅಳೆದು ಹೇಳಿದ ಮೇಲೂ ಲೇತಿನ ತಲೆಯ ಗೂಡಿನಷ್ಟೇ ಅಗಲಕ್ಕೆ ಕೊರೆದಿಟ್ಟ ಮಾದರಿ ಗೂಡಿನೊಳಗೆ ಕೂರಲಿಲ್ಲ, ದಪ್ಪವಾಯಿತು. "ಸರಿಯಾಗಿ ಓದ್ದೆ ತಾನೇ?" ಅಂದರು. ಸರಿಯಾಗೇ ಓದಿದೀನಿ ಅಂದೆ, ಸ್ವಲ್ಪ ಜೋರಾಗಿಯೇ. ಗೂಡೇ ಬಿಗಿ ಇರಬೇಕು ಅಂದುಕೊಂಡು ಮತ್ತೆ ಒಂದಿಷ್ಟು ತೆಗೆದರು. ಕೂತಿತು.

ಮಧ್ಯಾಹ್ನ ಒಳಗಿನ ತೂತು. ಇಪ್ಪತ್ತು ಮಿಲಿಮೀಟರ್ ಬರಬೇಕು. ಸ್ಪಿಂಡಲ್ ಅಷ್ಟೇ ದಪ್ಪ. ಕೂರಿಸಿ ನೋಡೋಣ ಎಂದರೆ ಸ್ಪಿಂಡಲ್ ಲೇತಿನ ಹೊಟ್ಟೆಯಲ್ಲೇ ಇದೆ, ಅದೇ ತಾನೇ ತಿರುಗುತ್ತಿರುವುದು. ಹಾಗಾಗಿ ಎಲ್ಲ ನನ್ನ ಓದಿನ ಮೇಲೆ. ನಾನು ತಿರುಗಿಸುವುದು, ನಿಲ್ಲಿಸುವುದು, ಅಳೆಯುವುದು. "ಎಷ್ಟು?" "ಹದಿನೆಂಟು." "ಎಷ್ಟು?" "ಹತ್ತೊಂಬತ್ತು." ಕೊನೆಗೆ ಹತ್ತೊಂಬತ್ತೂ ಮುಕ್ಕಾಲು ಅಂದೆ. "ಸಾಕು, ಉಳಿದದ್ದು ಕೈಯಲ್ಲೇ ಸವರ್ತೀನಿ" ಅಂದರು. ಉಸಿರು ಬಿಗಿಹಿಡಿದು ಒಂದು ಸಲ ಸವರಿದರು. ಹಿತ್ತಾಳೆ ಪುಡಿ ಇವರ ಮೀಸೆ ಮೇಲೆ ಕೂತು ಮಿನುಗುತ್ತಿತ್ತು. ನೋಡಿ ಆಸೆಯಾಯಿತು ನನಗೆ, ಈ ವಯಸ್ಸಿನಲ್ಲಿ.

ಮಾರ್ಚ್ 15

ಸ್ಪಿಂಡಲ್ ಬಿಚ್ಚಿ ಬುಷ್ಷಿನೊಳಗೆ ಇಳಿಸಿದರು. ಲೊಡ ಲೊಡ. ಲೋಟದಲ್ಲಿ ಚಮಚ ಆಡಿದ ಹಾಗೆ.

ಅಳೀತೀನಿ ಕೊಡಿ ಅಂದೆ. ಕೊಡಲಿಲ್ಲ. ಹೆಬ್ಬೆರಳು ಒಳಗೆ ಹಾಕಿ ಎಷ್ಟೋ ಹೊತ್ತು ತಿರುವುತ್ತಾ ಕೂತರು. "ಸವರೋಕೆ ಹೋಗಿ ಅಗೆದುಬಿಟ್ಟಿದೀನಿ. ಒಂದೂವರೆ ಮಿಲಿ ಜಾಸ್ತಿ ಇರ್ಬೇಕು. ಅಷ್ಟು ಹೋದದ್ದು ನನ್ನ ಕೈಗೆ ಗೊತ್ತೇ ಆಗಿಲ್ಲ."

ಮೊದಲ ಸಲ ಹಾಗೇ ಆಗೋದು, ಇನ್ನೊಂದು ತುಂಡು ಇದೆಯಲ್ಲ ಅಂದೆ. ಇವರಿಗೆ ಮೊದಲ ಸಲವಂತೆ! ಬಾಯಿಗೆ ಬಂದದ್ದು ಆಡಿಬಿಡುತ್ತೇನೆ ನಾನು.

ಊಟಕ್ಕೆ ಬರಲಿಲ್ಲ.

ಮಾರ್ಚ್ 22

ಮೈಕ್ರಾನ್ ಬಂದಿದ್ದರು. ಇವರ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ನಿನಲ್ಲಿದ್ದವರು, ಕೂದಲಷ್ಟು ವ್ಯತ್ಯಾಸವಿದ್ದರೂ ಪೀಸು ವಾಪಸ್ ಎಸೆಯುತ್ತಿದ್ದರಂತೆ. ಅದಕ್ಕೇ ಕೂದಲಿಗಿಂತ ಸಣ್ಣ ಅಳತೆಯ ಆ ಹೆಸರು. ಸ್ವಂತ ಮದುವೆಯಲ್ಲಿ ಉಂಗುರ ಸಡಿಲ ಅಂತ ರಿಜೆಕ್ಟ್ ಮಾಡಿದವನು ಎಂದು ಇವರು ಹೇಳಿ ಹೇಳಿ ನಗುವುದಿತ್ತು. ನಾನೇ ಕರೆಸಿದೆ. ಇಬ್ಬರೂ ಜಗಳವಾಡಿಯಾದರೂ ಸರಿ, ಇವರು ಬಾಯಿ ಬಿಡಲಿ ಎಂದು.

ಬುಷ್ಷು ಕೈಗೆತ್ತಿಕೊಂಡರು. ಸ್ಪಿಂಡಲ್ ಇಳಿಸಿದರು. ಲೊಡ ಲೊಡ. ಇವರ ಮುಖ ನೋಡಿದರು, ನನ್ನ ಮುಖ ನೋಡಿದರು. ಮೆಲ್ಲಗೆ ಬೆಂಚಿನ ಮೇಲಿಟ್ಟರು.

"ನಡೆಯುತ್ತೆ ಬಿಡಪ್ಪಾ. ಚೆನ್ನಾಗೇ ಬಂದಿದೆ."

ಕಾಫಿ ಕುಡಿದು, ಹವಾಮಾನ ಮಾತಾಡಿ ಹೋದರು. ಗೇಟು ಹಾಕಿದ ಸದ್ದಾದ ಮೇಲೆ ಇವರೆಂದರು, "ಅವನು ನನ್ನ ಪೀಸು ಪಾಸ್ ಮಾಡ್ದ ಕಣೇ."

 ಇವರು ಅತ್ತದ್ದನ್ನು ನಾನು ನೋಡಿದ್ದು ಎರಡನೆಯ ಸಲ. ಮೊದಲನೆಯದು ಅತ್ತೆ ಹೋದಾಗ.

ಏಪ್ರಿಲ್ 19

ಬರೆಯಲು ಏನಿತ್ತು?

ಲೇತಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದೆ. ಇವರೇ ಹೊದಿಸಿದರು, ನಾಲ್ಕೂ ಮೂಲೆ ಎಳೆದು, ಸತ್ತವರಿಗೆ ಹೊದಿಸಿದ ಹಾಗೆ. ಬೆಳಿಗ್ಗೆ ಎದ್ದು ಕಿಟಕಿಯ ಪಕ್ಕದ ಕುರ್ಚಿ. ಸಂಜೆಯವರೆಗೂ ಅಲ್ಲೇ. ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದಂತೆ, ಹೊರಗಡೆ ಏನಿದೆ ಎಂದು ಗೊತ್ತಾಗುವುದಿಲ್ಲ. ಷರ್ಟಿನ ಗುಂಡಿಯನ್ನು ಈಗ ನನ್ನ ಕೈಯಲ್ಲಿ ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಕಣ್ಣು ಯಾಕೆ ಬೇಕು? ಉಗುರಲ್ಲಿ ಕೂದಲೆಳೆ ಅಳೆಯುತ್ತಿದ್ದ ಮನುಷ್ಯ ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ, ಯಾರದೋ ಸಾಮಾನು ಕಾಯಲು ಕೊಟ್ಟ ಹಾಗೆ.

ಮಗಳು ಬಂದು ಎರಡು ದಿನ ಇದ್ದು ಹೋದಳು. ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡು ಮೆಲ್ಲಗೆ ಬೈದಳು. "ಅಪ್ಪನಿಗೆ ಇಲ್ಲದ ಆಸೆ ಹುಟ್ಸಿದ್ದು ನೀನೇ ಅಮ್ಮಾ. ಬಲ್ಬು ಮಂಕಾಗಿದೆ, ಪೇಪರ್ ಸರಿಯಾಗಿ ಪ್ರಿಂಟ್ ಆಗಿಲ್ಲ... ಏನಿದೆಲ್ಲ? ಅವರೇನು ಮಗುವಾ?"

 ನೀನು ಗಂಡನ ಜೊತೆ ಇಷ್ಟು ವರ್ಷ ಬಾಳಿ ಆಮೇಲೆ ಬಂದು ಹೇಳು ಅನ್ನಬೇಕೆನಿಸಿತು.

ಏಪ್ರಿಲ್ 27, ಮಧ್ಯಾಹ್ನ



ಶೆಡ್ಡು ಗುಡಿಸಲು ಹೋಗಿದ್ದೆ. ತೂತು ಕೊರೆಯುವ ಡ್ರಿಲ್ ಬಿಟ್ಟುಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು, ಅಳತೆ ಪ್ರಕಾರ ಜೋಡಿಸಿಡೋಣ ಎಂದು ವರ್ನಿಯರ್ ತೆಗೆದೆ. ಒಂದರ ಬುಡ ಅಳೆದೆ. ಹತ್ತೂವರೆ. ಬುಡದ ಮೇಲೆ ಕೆತ್ತಿದ್ದು 12. ತಪ್ಪು ಕೆತ್ತಿದ್ದಾರೆ ಅಂದುಕೊಂಡೆ, ನನ್ನ ಜಂಬ ನೋಡಿ! ಇನ್ನೊಂದು ಅಳೆದೆ. ಕೆತ್ತಿದ್ದು 10, ನನಗೆ ಬಂದದ್ದು ಎಂಟೂವರೆ. ಮೂರನೆಯದೂ ಹಾಗೇ. ಎಲ್ಲದಕ್ಕೂ ಒಂದೂವರೆ ಕಡಿಮೆ.

ಜರುಗುವ ಪಟ್ಟಿ ಎಲ್ಲಿ ನಿಂತಿದೆ ನೋಡು ಅಂದಿದ್ದರು. ನಾನು ಪಟ್ಟಿಯ ಅಂಚು ನೋಡುತ್ತಿದ್ದೆ. ನೋಡಬೇಕಾದ್ದು ಅಂಚಲ್ಲ. ಅಂಚಿನಿಂದ ಒಂಚೂರು ಒಳಗೆ ಒಂದು ಗೀಟಿದೆ, ಅದರ ಕೆಳಗೆ ಸೊನ್ನೆ ಬರೆದಿದೆ. ಅದನ್ನು. ಅದನ್ನೇ ಆವತ್ತು ಹೇಳುತ್ತಿದ್ದರು, ಚೀಲಕ್ಕೆ.

ನಾನು ಹತ್ತೊಂಬತ್ತೂ ಮುಕ್ಕಾಲು ಅಂದಾಗಲೇ ತೂತು ಇಪ್ಪತ್ತೊಂದು ದಾಟಿತ್ತು. ಇವರ ಕೈ ಏನೂ ತಪ್ಪು ಮಾಡಿಲ್ಲ. ಏನೂ ಮಾಡಿಲ್ಲ! ಕೆಡಿಸಿದ್ದು ನಾನು.

ಅದೇ ದಿನ, ಸಂಜೆ

ಹೇಳಿದೆ. ಎಲ್ಲ ಹೇಳಿದೆ. ಅಂಚು, ಗೀಟು, ಡ್ರಿಲ್ಲು.

ಕೇಳಿಸಿಕೊಂಡರು. ನನ್ನ ತಲೆಯ ಮೇಲೆ ಕೈಯಿಟ್ಟರು. ಇಷ್ಟು ದಿನದ ಮೇಲೆ ನಗು ಬಂತು ಮುಖದಲ್ಲಿ. ಆ ನಗು ನೋಡಿಯೇ ಗೊತ್ತಾಯಿತು, ನಂಬಿಲ್ಲ.

"ಬಲ್ಬು ಮಂಕಾಗಿದೆ ಅಂದವಳಲ್ವೇನೇ ನೀನು?"

"ರೀ, ಇದು ಹಾಗಲ್ಲ. ಆಣೆ ಮಾಡ್ತೀನಿ."

"ಮಾಡ್ಬೇಡ. ನನಗೋಸ್ಕರ ಸುಳ್ಳಾಣೆ ಬೇರೆ ಯಾಕೆ? ಸಾಕು ಬಿಡು. ನೀನು ಒಳ್ಳೆಯವಳು."

ಒಳ್ಳೆಯವಳಂತೆ. ಚಚ್ಚಿಕೊಳ್ಳುವ ಹಾಗಾಯಿತು. ಇಷ್ಟು ತಿಂಗಳು ಹೇಳಿದ ಸುಳ್ಳನ್ನೆಲ್ಲ ನಂಬಿದ ಹಾಗೆ ನಟಿಸಿದ್ದಾರೆ, ಒಂದೇ ಒಂದು ನಿಜ ಹೇಳಿದರೆ ಕೈಗೆ ತೆಗೆದುಕೊಳ್ಳುತ್ತಿಲ್ಲ. ಸಿಟ್ಟು ಬಂದು ಕೂಗಾಡಿದೆ. ಕುರ್ಚಿಯಿಂದ ಏಳಲಿಲ್ಲ.

ಏಪ್ರಿಲ್ 30

ಗೆದ್ದೆ.

ಮೂರು ದಿನ ಅದೇ ಯೋಚನೆ. ಇವರಿಗೆ ತೋರಿಸುವ ಹಾಗಿಲ್ಲ, ನಾನು ಹೇಳಿದರೆ ನಂಬುವ ಹಾಗಿಲ್ಲ. ಇವತ್ತು ಗುಂಡಿ ಹಾಕುತ್ತಿದ್ದಾಗ ಥಟ್ಟನೆ ಹೊಳೆಯಿತು. ಅರ್ಧ ಗುಂಡಿ ಹಾಗೇ ಬಿಟ್ಟು ಕೇಳಿದೆ.

"ಹೊರಮೈ ಯಾಕೆ ದಪ್ಪ ಆಯ್ತು?"

"ಯಾವ ಹೊರಮೈ?"

"ಬುಷ್ಷಿಂದು. ಬೆಳಿಗ್ಗೆ. ನಾನು ಸರಿಯಾಗಿದೆ ಅಂದ ಮೇಲೂ ಗೂಡಿಗೆ ಹೋಗ್ಲಿಲ್ಲ. ಮತ್ತೆ ಎಷ್ಟು ತೆಗೆದ್ರಿ?"

ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುವಾಗ ಹಾಗೆ. "ಒಂದೂವರೆ ಹತ್ತಿರ," ಅಂದರು ಮೆಲ್ಲಗೆ.

"ಒಳಗೆ ಎಷ್ಟು ಜಾಸ್ತಿ ಬಂತು?"

ಮಡಿಲಲ್ಲಿದ್ದ ಹೆಬ್ಬೆರಳು ಬುಷ್ಷಿನೊಳಗೆ ತಿರುವುವ ಹಾಗೆ ತಿರುಗಿತು.

"ಇನ್ನೊಂದು ಮಾತು. ಸವರುವಾಗ ಹಿಡಿಕೆ ತಿರುಗಿಸ್ತಿದ್ದವಳು ನಾನು. ನೀವು ಅಷ್ಟು ಅಗೆದಿದ್ರೆ ಭಾರ ಆಗ್ಬೇಕಿತ್ತು ನನ್ನ ಕೈಗೆ. ಬೆಣ್ಣೆ ಥರ ಹೋಯ್ತು. ಮೋಟಾರಿನ ಮಾತಾದ್ರೂ ನಂಬ್ತೀರೋ ಇಲ್ವೋ?"

ಕುರ್ಚಿಯ ಕೈ ಹಿಡಿದು ಎದ್ದರು. ಉಳಿದ ಗುಂಡಿಗಳನ್ನು ತಾವೇ ಹಾಕಿಕೊಂಡರು, ಒಂದು ತಪ್ಪಲಿಲ್ಲ. ಗೋಡೆ ಸವರುತ್ತಾ ಶೆಡ್ಡಿಗೆ ಹೋಗಿ ಬೆಡ್‌ಶೀಟು ಎಳೆದು ಬಿಸಾಕಿದರು. ಆಮೇಲೆ ನನಗೆ ಸರಿಯಾಗಿ ಬೈದರು. ಕತ್ತೆ, ಕಣ್ಣಿದ್ದೂ ಕುರುಡಿ, ಇಷ್ಟು ದಿನ ನನ್ನನ್ನ ಹೆಣ ಮಾಡಿ ಕೂರಿಸಿದ್ಯಲ್ಲೇ... ನಾನು ಅಳುತ್ತಾ ನಗುತ್ತಾ ಬೈಸಿಕೊಂಡೆ. ಬೈಗುಳ ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ.

ಕೊನೆಗೆ ಕೈ ಚಾಚಿ ಮಾತು ತೆಗೆದುಕೊಂಡರು. "ಇನ್ನು ಬಲ್ಬಿನ ಕಥೆ ಬೇಡ. ಕೆಟ್ಟಿದ್ರೆ ಕೆಟ್ಟಿದೆ ಅನ್ನು. ನಿನ್ನ ಕಣ್ಣು ಬಿಟ್ರೆ ನನಗೆ ಬೇರೆ ಕಣ್ಣಿಲ್ಲ. ಅದೂ ಸುಳ್ಳು ಹೇಳಿದ್ರೆ ನಾನು ನಿಜವಾಗ್ಲೂ ಕುರುಡ."

ಕೊಟ್ಟೆ ಮಾತು.

ಮೇ 4

ಸ್ಪಿಂಡಲ್ ವಾಪಸ್ ಕೂರಿಸಿದ್ದಾಯಿತು, ಮರದ ಬುಷ್ಷಿನಲ್ಲೇ. ಸೊನ್ನೆ ಗೀಟಿಗೆ ಮಗಳ ಉಗುರುಬಣ್ಣ ಹಚ್ಚಿದ್ದೇನೆ, ಕೆಂಪಗೆ. ಎಲ್ಲ ಡ್ರಿಲ್ಲುಗಳನ್ನೂ ಅಳೆದು ಒಪ್ಪಿಸಿದೆ. ಒಂದೂ ತಪ್ಪಲಿಲ್ಲ. ಮೈಕ್ರಾನನ್ನು ಕರೆಸಬೇಕಂತೆ ಬುಷ್ಷು ಆದ ಮೇಲೆ. "ಈ ಸಲ ಅವನು ರಿಜೆಕ್ಟ್ ಮಾಡೋಕೆ ಒದ್ದಾಡ್ಬೇಕು, ಆಗ್ಬಾರ್ದು."

ಕಿಟಕಿ ಎಲ್ಲಿದೆ ಎಂಬುದೂ ಈಗ ಗೊತ್ತಾಗುತ್ತಿಲ್ಲ. ನಿನ್ನೆ ತಾವಾಗಿಯೇ ಹೇಳಿದರು, ಹವೆಯ ಮಾತಾಡಿದ ಹಾಗೆ. ಇವತ್ತು ಬೆಳಿಗ್ಗೆ ಶೆಡ್ಡಿನಲ್ಲಿ ದೀಪ ಹಾಕಿದೆ. "ಹಾಕಿದ್ಯಾ?" ಅಂದರು. ಹಾಕಿದೀನಿ, ಬೆಳಕು ಚೆನ್ನಾಗಿದೆ ಅಂದೆ. ಹೂಂ ಅಂದರು. ಅಷ್ಟೇ. ನಿಜ ಹೇಳುವುದು ಅಭ್ಯಾಸವಾಗಬೇಕು ಇಬ್ಬರಿಗೂ.

ಮೇ 6, ಸಂಜೆ ಐದೂವರೆ, ಶೆಡ್ಡಿನಲ್ಲೇ

ಕೈ ತೊಳೆಯಲು ಹೋಗಿದ್ದಾರೆ. ನಲ್ಲಿಯ ಸದ್ದು ಕೇಳುತ್ತಿದೆ. ಅಷ್ಟರೊಳಗೆ ಬರೆದುಕೊಳ್ಳುತ್ತೇನೆ, ತಲೆ ಸರಿಯಾಗಲಿ.

ಎರಡನೆಯ ತುಂಡು. ಹೊರಮೈ ಒಂದೇ ಸಲಕ್ಕೆ ಕೂತಿತು. ಶಿಳ್ಳೆ ಹಾಕಿದರು ಇವರು! ಒಳಗಿನ ತೂತೂ ಚೆನ್ನಾಗಿಯೇ ಬಂತು. ಹತ್ತೊಂಬತ್ತು ಪಾಯಿಂಟ್ ಎಂಟರವರೆಗೆ ಬಂದೆವು. ಕೆಂಪು ಗೀಟು, ಮೂರು ಸಲ ನೋಡಿ ಹೇಳಿದೆ. "ಹಾಗಾದ್ರೆ ಎರಡೇ ಗೀಟು," ಅಂದರು. ಡಯಲ್ಲಿನ ಎರಡು ಗೀಟು ಸರಿದರೆ ಸರಿಯಾಗಿ ಇಪ್ಪತ್ತು. ತಿರುಗಿಸು ಅಂದರು. ತಿರುಗಿಸಿದೆ.

ಆಗಲೇ ಮೈಕ್ರಾನಿನ ಮದುವೆ ಉಂಗುರದ ಕಥೆ ಶುರು ಮಾಡಿದರು. ಎಷ್ಟು ಸಲ ಕೇಳಿದ್ದೇನೋ. ಆದರೆ ಎಷ್ಟು ತಿಂಗಳಾಗಿತ್ತು ಕೇಳಿ! ನಗುತ್ತಾ ಹೇಳುತ್ತಿದ್ದರು, ಹೆಬ್ಬೆರಳ ಉಗುರು ಡಯಲ್ಲಿನ ಮೇಲೆ. ಟಕ್. ಟಕ್. ಉಂಗುರ ವಾಪಸ್ ಕೊಟ್ನಂತೆ ಕಣೇ, ಸಡಿಲ ಇದೆ ಅಂತ... ಟಕ್. ಟಕ್.

ನೋಡಿದೆ. ಎರಡಲ್ಲ, ನಾಲ್ಕು ಗೀಟು. ಕೇಳಿಸಿತು. ಹಿಡಿಕೆ ಒಂದು ಕಣ ಭಾರವೂ ಆಯಿತು. ನಿಲ್ಲಿಸಬಹುದಿತ್ತು. ಕೈ ಎತ್ತಿದ್ದರೆ ಸಾಕಿತ್ತು. ನನ್ನ ಕಣ್ಣೇ ತಪ್ಪಿರಬೇಕು, ಮೊದಲೂ ತಪ್ಪಿದ್ದು ನಾನೇ ಅಲ್ಲವೇ ಅಂದುಕೊಂಡೆ. ಅದೂ ಅಲ್ಲ. ನಗುತ್ತಿದ್ದರು. ನಿಲ್ಲಿಸಿದರೆ ನಗು ನಿಲ್ಲುತ್ತದೆ. ನಿಲ್ಲು ಅಂದರೆ ಮಾತ್ರ ನಿಲ್ಲುವ ಮೋಟಾರು ನಾನು, ಯಾರೂ ನಿಲ್ಲು ಅನ್ನಲಿಲ್ಲ. ಕಥೆ ಮುಗಿಯುವವರೆಗೂ ತಿರುಗಿಸಿದೆ.

"ಬಂತು ಕಣೇ," ಅಂದರು. "ಕೈಗೆ ಗೊತ್ತಾಯ್ತು. ಅಳೆದಿಡು, ಬರ್ತೀನಿ."

ಅಳೆದೆ. ಒರೆಸಿ ಮತ್ತೆ ಅಳೆದೆ. ಅಡ್ಡ ತಿರುಗಿಸಿ ಅಳೆದೆ. ಅಂಚು ಅಲ್ಲ, ಕೆಂಪು ಗೀಟು. ಈ ಸಲ ಓದಿದ್ದು ಸರಿ. ಈ ಸಲ ಬೇರೆ ಯಾರ ತಪ್ಪೂ ಅಲ್ಲ. ಇದು ಇವರ ಕೈ.

ಇಪ್ಪತ್ತು ಪಾಯಿಂಟ್ ಎರಡು, ಕೂದಲೆಳೆ ಎರಡು ಹೆಚ್ಚು. ಹೊರಗಿನವರಿಗೆ ಕಾಣುವುದೇ ಇಲ್ಲ. ಸ್ಪಿಂಡಲ್ ಇಳಿಸಿದರೆ ಇವರಿಗೆ ಗೊತ್ತಾಗುತ್ತದೆ, ಹೇಗೂ ಗೊತ್ತಾಗುತ್ತದೆ. ಸುಳ್ಳು ಹೇಳಿದರೆ ಒಂದು ರಾತ್ರಿಯ ನಿದ್ದೆ ಸಿಗುತ್ತದೆ ಇವರಿಗೆ. ಒಂದು ರಾತ್ರಿಗೋಸ್ಕರ ನನ್ನ ಕಣ್ಣನ್ನೂ ಕಿತ್ತುಕೊಂಡ ಹಾಗೆ. ತುಂಡು ಇನ್ನೆಲ್ಲಾದರೂ ಸಿಕ್ಕೀತು. ಮನುಷ್ಯ ಮತ್ತೆ ಕುರ್ಚಿಯಿಂದ ಏಳುತ್ತಾರೆಯೇ?

ನಲ್ಲಿ ನಿಂತಿತು. ಗೋಡೆ ಸವರುವ ಸದ್ದು.

ಬಂದರು. ಬಾಗಿಲಲ್ಲೇ ನಿಂತಿದ್ದಾರೆ, ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುತ್ತಾ. ಪೆನ್ನಿನ ಸದ್ದು ಕೇಳಿಸಿದೆ.

"ಅಳತೆ ಬರ್ಕೋತಿದ್ದೀಯಾ?"

ಹೂಂ ಅಂದೆ.

"ಬರ್ಕೋ, ಚೆನ್ನಾಗಿ ಬರ್ಕೋ. ಎಷ್ಟು ಅಂತ ಬರ್ದೆ, ಓದು."

ಇಪ್ಪತ್ತು ಅಂದೆ. ಅಷ್ಟಕ್ಕೇ ಮುಖ ಅರಳಿಬಿಟ್ಟಿತು. ಇನ್ನೂ ಓದಿ ಮುಗಿಸಿಲ್ಲ ರೀ. ಇಪ್ಪತ್ತು, ಪಾಯಿಂಟ್